ಸೋಮವಾರ ಬರುತ್ತೇನೆಂದ ಡಾಕ್ಟರು

ಮೊಮ್ಮಗಳ ಬಿಳಿ ಕೋಟು ನೆನೆಹಾಕುವಾಗ ಸ್ಪಿರಿಟ್ಟಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಆ ಡಾಕ್ಟರು ಕಣ್ಣೆದುರು ಬಂದು ನಿಂತರು...

ರಾಮದುರ್ಗದ ಆಚೆ ನಮ್ಮ ಊರು. ಡಾಕ್ಟರಿಕೆ ಕಲಿತವರು ಒಂದು ವರ್ಷ ಹಳ್ಳಿಯಲ್ಲಿ ದುಡಿಯಬೇಕೆಂಬ ಕರಾರಿನಂತೆ ಅವರು ಬಂದಿದ್ದರು. ನಾನು ಆ ದವಾಖಾನೆಯ ಕಸ ಹೊಡೆಯುವವಳು. ಊಟದ ತ್ರಾಸಿಗೆ ಓಡಿಹೋಗಬಾರದೆಂದು ಊರ ಹೆಂಗಸರೆಲ್ಲ ಪಾಳಿ ಹಚ್ಚಿ ರೊಟ್ಟಿ ಕಳಿಸುತ್ತಿದ್ದೆವು. ನಮ್ಮ ಕೇರಿಯ ಪಾಳಿಯ ದಿನವೂ ಅವರು ಬೇಡ ಅನ್ನಲಿಲ್ಲ. ಕೈಗುಣವೂ ಚಲೋ ಇತ್ತು, ಸುಳ್ಳು ಹೇಳಬಾರದು.

ಒಂದು ಶನಿವಾರ ಹಾಸಿಗೆ ಸುತ್ತಿಕೊಂಡು ಹೊರಟರು. ಮದುವೆಗೆ ಹೊರಟಿದ್ದಾರೆಂದು ನಾವು ನಗಾಡಿದೆವು. ಹಾಸಿಗೆಯನ್ನು ನಾನೇ ಹೊತ್ತು ಬಸ್ಸಿಗೆ ಹಾಕಿದೆ, ದಾರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ರಜೆಗೆ ಹೋಗುವವರು ಹಾಸಿಗೆ ಯಾಕೆ ಒಯ್ಯುತ್ತಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

"ಸೋಮವಾರ ಬರತೇನಿ ಯವ್ವಾ," ಅಂದರು.

ಅವರ ವರ್ಷ ಮುಗಿದಿತ್ತಂತೆ. ಆ ಸೋಮವಾರ ಬರಲಿಲ್ಲ, ಮುಂದಿನ ಸೋಮವಾರವೂ... ಮೂರನೆಯ ವಾರ ನನ್ನ ಗಂಡನಿಗೆ ಎದೆ ಹಿಡಿಯಿತು. ದವಾಖಾನೆಯ ಕೀಲಿ ನನ್ನ ಸೊಂಟದಲ್ಲೇ ಇತ್ತು. ಬಾಗಿಲು ತೆಗೆದರೆ ಒಳಗೆ ಖಾಲಿ ಕುರ್ಚಿ. ರಾಮದುರ್ಗಕ್ಕೆ ಒಯ್ಯುವ ಟೆಂಪೋದಲ್ಲಿ, ನನ್ನ ತೊಡೆಯ ಮೇಲೆಯೇ ಹೋದರು.

ಅಂದಿನಿಂದ ಆ ಡಾಕ್ಟರಿಗೆ ಶಾಪ ಹಾಕದೆ ನಾನು ಒಲೆ ಹಚ್ಚಿದವಳಲ್ಲ. ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು, ಆ ಸಿಟ್ಟಿನ ಮೇಲೆಯೇ ಮೊಮ್ಮಗಳನ್ನು ಡಾಕ್ಟರ್ ಮಾಡಿದೆ.

ಹೋದ ತಿಂಗಳು ನಮ್ಮೂರ ದವಾಖಾನೆಯಲ್ಲಿ ಅವಳದೂ ವರ್ಷ ಮುಗಿಯಿತು. ಮೂರು ದಿನ ನನಗೆ ಅನ್ನ ಸೇರಲಿಲ್ಲ. ಕಡೆಗೆ ಅವಳೇ, "ಆಯಿ, ಇಲ್ಲೇ ಇರತೇನಿ ಅಂತ ಬರದು ಕೊಟ್ಟೇನಿ," ಅಂದಳು. ಈ ವಯಸ್ಸಿನಲ್ಲಿ ಕುಣಿದುಬಿಟ್ಟೆ! ಮರುದಿನವೇ ಪೇಢೆ ಕಟ್ಟಿಸಿಕೊಂಡು ಬೆಳಗಾವಿಯ ಬಸ್ಸು ಹತ್ತಿದೆ. ಆ ಡಾಕ್ಟರದು ಈಗ ಅಲ್ಲಿ ಸ್ವಂತ ದವಾಖಾನೆ. ಹಂಚಲು ಹೋದದ್ದಲ್ಲ, ಹೊಟ್ಟೆ ಉರಿಸಲು ಹೋದದ್ದು.

ಪೇಢೆಯನ್ನು ಮೇಜಿನ ಮೇಲಿಟ್ಟು ಅಂದೆ, "ಸೋಮವಾರ ಬರತೇನಿ ಅಂದಿದ್ರಿ ಸಾಹೇಬ್ರ. ನೀವು ಬರಲಿಲ್ಲ. ನನ್ನ ಮೊಮ್ಮಗಳು ನಿಮ್ಮ ಕುರ್ಚ್ಯಾಗ ಬಂದು ಕುಂತಾಳ. ಆಕಿ ಏಳೂದಿಲ್ಲ."

ಅವರು ಕನ್ನಡಕ ಸರಿಸಿ ನೋಡಿದರು. "ಯಾವ ಊರು ಯವ್ವಾ ನಿಂದು?"

ನಾನು ಇಪ್ಪತ್ತೆರಡು ವರ್ಷ ಕಾಯ್ದಿಟ್ಟದ್ದು ಅವರಿಗೆ ನೆನಪೇ ಇರಲಿಲ್ಲ... ಊರಿನ ಹೆಸರು ಹೇಳಿದೆ. ಗಂಡನ ಹೆಸರು ಹೇಳಿದೆ, ಸತ್ತದ್ದು ಹೇಗೆಂದೂ ಹೇಳಿದೆ. ಅವರು ತಲೆ ತಗ್ಗಿಸಿದರು. ಅವರು ಒಂದು ಪೇಢೆ ತಿಂದು ಮುಗಿಸುವ ತನಕ ನಾನು ಎದುರಿನಿಂದ ಕದಲಲಿಲ್ಲ.

ಈಗ ಮುಂಜಾನೆಯಾದರೆ ದವಾಖಾನೆಯ ಕಟ್ಟೆಯ ಮೇಲೆ ಮಂದಿ ಸಾಲಾಗಿ ಕೂತಿರುತ್ತಾರೆ. ಹಿಗ್ಗು ತಡೆಯದೆ ನಾನೂ ಹೋಗುತ್ತೇನೆ, ಎದೆ ಹಿಡಿದುಕೊಂಡು ಬಂದವರನ್ನು ಮೊದಲು ಒಳಗೆ ಕಳಿಸುತ್ತೇನೆ. ಆ ಸಾಲಿನಲ್ಲಿ ನನ್ನ ಯಜಮಾನರೊಬ್ಬರು ಮಾತ್ರ ಇಲ್ಲ...