ಅಂಜಿಕೆಯ ಕೈಗುಣ

ನಾನು ಅಂಜುಬುರುಕ. ಗಜೇಂದ್ರಗಡದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೆ ಜೀವಶಾಸ್ತ್ರ ಕಲಿಸಿದವನು ಹೀಗೆ ಹೇಳಿಕೊಳ್ಳಬಾರದು. ಕಪ್ಪು ಹಲಗೆಯ ಮೇಲೆ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಹೃದಯದ ಕೋಣೆಗಳನ್ನು ಧೈರ್ಯವಾಗಿ ಬಿಡಿಸುತ್ತಿದ್ದೆ. ಮನೆಯಲ್ಲಿ ಹೆಂಡತಿಯ ಬೆರಳು ಕೊಯ್ದು ಹನಿ ರಕ್ತ ಕಂಡರೆ ಕಣ್ಣುಕತ್ತಲೆ ಬಂದು ಗೋಡೆ ಹಿಡಿಯುತ್ತಿದ್ದೆ. ಅಂಥವನ ಮಗಳು ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಾಳೆಂದರೆ, ಅನುವಂಶೀಯತೆಯ ಬಗ್ಗೆ ನಾನು ಮಾಡಿದ ಪಾಠದ ಮೇಲೇ ಅನುಮಾನ ಬರುತ್ತದೆ.

ನಮ್ಮ ಕಡೆಯವರಿಗೆ ಡಾಕ್ಟರರ ಡಿಗ್ರಿಗಿಂತ ಕೈಗುಣ ಮುಖ್ಯ. ಮಗಳ ಕೈಗುಣ ಚಲೋ ಇದೆಯೆಂಬ ಸುದ್ದಿ ಹೇಗೋ ಹಬ್ಬಿದೆ. ಹಬ್ಬಿಸಿದವರಲ್ಲಿ ನಾನೂ ಒಬ್ಬನಿರಬಹುದು. ಅವಳು ರಜೆಗೆ ಬಂದಳೆಂದರೆ ರಾಜೂರ, ಮುಶಿಗೇರಿಯ ಪರಿಚಯದವರು ಎಕ್ಸ್‌ರೇ ಹಿಡಿದು ನಮ್ಮ ಕಟ್ಟೆಯ ಮೇಲೆ ಬಂದು ಕೂಡುತ್ತಾರೆ. ಔಷಧ ಬರೆಯದಿದ್ದರೂ ಸರಿ, ಒಮ್ಮೆ ಮುಟ್ಟಿ ನೋಡಿದರೆ ಅವರಿಗೆ ಅರ್ಧ ವಾಸಿ. ಅವರಿಗೆ ಚಹಾ ಕೊಡುವ ಕೆಲಸ ನನ್ನದು.

ಈ ಸಲ ಒಂದೇ ದಿನದ ರಜೆಗೆ ಬಂದವಳು ಮುರಿದ ರೊಟ್ಟಿ ಕೈಯಲ್ಲಿರುವಾಗಲೇ ನಿದ್ದೆಹೋದಳು. ಎಬ್ಬಿಸಿದರೆ ನಕ್ಕಳು. ಕಲಿಯುವ ಡಾಕ್ಟರುಗಳು ದಣಿಯದಂತೆ ಬದುಕುವುದು ಹೇಗೆಂದು ಅವರ ಕಾಲೇಜಿನಲ್ಲಿ ಒಂದು ತರಗತಿ ಇಟ್ಟಿದ್ದರಂತೆ. ಡ್ಯೂಟಿಯಿಂದ ನೇರ ಬಂದವರಿಗೆ, ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಎಂದದ್ದೇ ತಡ, ಅರ್ಧ ಸಭೆ ಗೊರಕೆ ಹೊಡೆಯಿತಂತೆ. ನಾವೂ ನಕ್ಕೆವು. ಆಮೇಲೆ ತಾಯಿ ಒಳಗೆ ಹೋದದ್ದನ್ನು ನೋಡಿಕೊಂಡು ಅವಳು ದನಿ ತಗ್ಗಿಸಿದಳು.

"ಅಪ್ಪಾ, ಮೊದ್ಲ ಕೊಯ್ಯೂ ಮುಂದ ಅಂಜಿಕಿ ಬರತಿತ್ತು. ಕೈ ಒಂದ ಗಳಿಗಿ ನಿಂದರತಿತ್ತು. ಈಗ ನಿಂದ್ರೂದಿಲ್ಲ. ಮುಂದ ಮಲಗಿದ್ದು ಮನಷಾನೋ ಹೊಲಿಯೂ ಅರಿವಿ ತುಂಡೋ, ಏನೂ ಅನಸೂದಿಲ್ಲ."

ಅಂಜಿಕೆ ನನಗೆ ಹುಟ್ಟಿನಿಂದ ಪರಿಚಯ. ಅದು ಇಲ್ಲದಿರುವುದು ಇಷ್ಟು ಭಯಂಕರವೆಂದು ಮಾತ್ರ ಗೊತ್ತಿರಲಿಲ್ಲ. ನಾಳೆ ಅವಳೆದುರು ಮಲಗುವವರು ಯಾರೋ. ಅವರ ಮನೆಯವರು ಹೊರಗೆ ಬೆಂಚಿನ ಮೇಲೆ ಈ ಕೈಯನ್ನೇ ನಂಬಿ ಕೂತಿರುತ್ತಾರೆ. ಅವರಿಗಾಗಿ ಹೆದರಿದೆ. ಅದಕ್ಕಿಂತ ಹೆಚ್ಚು ಇವಳಿಗಾಗಿ ಹೆದರಿದೆ. ನಿನಗೆ ಕಲಿಸುವ ದೊಡ್ಡ ಡಾಕ್ಟರಿಗೆ ಹೇಳು ಎಂದೆ. ಈ ಕೆಲಸ ನಿನ್ನಿಂದ ಆಗದು ಅಂದುಬಿಟ್ಟರೆ ಎಂದಳು. ಚಾಕುವಿಗೆ ಅಂಜದವಳು ಒಂದು ಮಾತಿಗೆ ಅಂಜುತ್ತಿದ್ದಳು. ಫೋನನ್ನು ಅವಳ ಕೈಗಿಟ್ಟು ಎದುರೇ ಕುಳಿತೆ. ಆ ಕಡೆಯವರು ಬಹಳ ಹೊತ್ತು ಕೇಳಿಸಿಕೊಂಡರು. ನಾಳೆ ಆಪರೇಷನ್ನಿಗೆ ಬೇರೆಯವರನ್ನು ಹಾಕುತ್ತೇನೆ, ನೀನು ಮಲಗು, ಬಂದಮೇಲೆ ಕೂತು ಮಾತಾಡೋಣ ಅಂದರಂತೆ. ತಾನೂ ಹಿಂದೆ ಹೀಗಾಗಿ ಯಾರಿಗೂ ಹೇಳಿರಲಿಲ್ಲ ಎಂದೂ ಅಂದರಂತೆ.

ಅವಳು ಒಳಗೆ ಹೋಗಿ ಮಲಗಿದಳು. ಸ್ವಲ್ಪ ಹೊತ್ತಿಗೆ ಮುಶಿಗೇರಿಯ ನನ್ನ ಹಳೆಯ ಗೆಳೆಯ ಸೊಂಟ ಹಿಡಿದುಕೊಂಡು, ಬಗಲಲ್ಲಿ ಎಕ್ಸ್‌ರೇ ಇಟ್ಟುಕೊಂಡು ಬಂದ. ಕಟ್ಟೆಗೆ ಬಂದವರನ್ನು ಹಿಂದಕ್ಕೆ ಕಳಿಸುವುದು ನಮ್ಮೂರಲ್ಲಿ ಸಣ್ಣ ಮಾತಲ್ಲ, ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ನಾನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡಿದ್ದೆ.

"ಇವತ್ತ ಡಾಕ್ಟರ್ ಇಲ್ಲೋ," ಎಂದೆ. "ಮಗಳು ಬಂದಾಳ. ಮಲ್ಕೊಂಡಾಳ."

ಹೇಳುವಾಗ ದನಿ ನಡುಗಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.