ತೊಗಟೆ ನೀರು ಕುಡಿದ ನೂಲು

ನಾವು ಬೀಜಾಡಿಯ ಹುಡುಗರು ಕುಂದಾಪುರದ ಹೈಸ್ಕೂಲಿಗೆ ನಡೆದೇ ಹೋಗುತ್ತಿದ್ದ ಕಾಲ ಅದು. ಸ್ವಾತಂತ್ರ್ಯ ಬಂದ ಹೊಸತು. ಬುತ್ತಿಯಲ್ಲಿ ಕುಚ್ಚಲಕ್ಕಿ ಗಂಜಿಯ ಅನ್ನ, ಮೂಲೆಯಲ್ಲಿ ಸುಟ್ಟ ಒಣಮೀನು. ಆ ಮೀನು ಕೊಟ್ಟು ಬ್ರಾಹ್ಮಣರ ಮಕ್ಕಳಿಂದ ಏನನ್ನೂ ಪಡೆಯಲಾಗುತ್ತಿರಲಿಲ್ಲ. ಆದ್ದರಿಂದ ನಾನು ಗೋಲಿ ಕೊಟ್ಟು ಅವರ ಉಪ್ಪಿನಕಾಯಿ ಪಡೆಯುತ್ತಿದ್ದೆ. ಚೌಕಾಸಿ ನನಗೆ ಹುಟ್ಟಿನಿಂದ ಬಂದದ್ದು.

ನಮಗೆ ಚಿತ್ರ ಕಲಿಸುತ್ತಿದ್ದವರು ಸಾಲಿಗ್ರಾಮದ ಕಡೆಯ ವಾಸುದೇವ ಮಾಸ್ಟ್ರು. ಮೀನು ಮುಟ್ಟದ ಮನುಷ್ಯ, ಬೋರ್ಡಿನ ಮೇಲೆ ಮೀನು ಬಿಡಿಸುತ್ತಿದ್ದರು.

"ಮಾಸ್ಟ್ರೇ, ಬಂಗ್ಡೆಗೆ ಅಷ್ಟ್ ದೊಡ್ಡ ಹೊಟ್ಟಿ ಇಲ್ಲೆ" ಎಂದರೆ, "ತಿಂಬವ್ರ್ ನೀವ್, ಬಿಡ್ಸುವವ ನಾನ್. ಎಲ್ಲಿ ತಿದ್ದೂದ್ ಹೇಳಿ ಕಾಂಬ" ಎಂದು ಸೀಮೆಸುಣ್ಣವನ್ನು ನಮ್ಮ ಕೈಗೇ ಕೊಡುತ್ತಿದ್ದರು.

ನಾನು ನಾಲ್ಕನೇ ಫಾರಮಿಗೆ ಬಂದ ವರ್ಷ ಮೇಲಿನಿಂದ ಹೊಸ ಪಾಠಪಟ್ಟಿ ಬಂತು. ಚಿತ್ರದ ಪೀರಿಯಡ್ ಹೋಯಿತು, ಅದರ ಜಾಗಕ್ಕೆ ಕೈಕಸುಬು ಬಂತು. ನಮ್ಮ ಶಾಲೆಗೆ ಸಿಕ್ಕಿದ್ದು ತಕಲಿಯಲ್ಲಿ, ಬೆರಳಲ್ಲಿ ತಿರುಗಿಸುವ ಸಣ್ಣ ಕದಿರಿನಲ್ಲಿ, ನೂಲುವುದು. ಮಾಸ್ಟ್ರನ್ನು ಕೆಲವು ದಿನದ ತರಬೇತಿಗೆ ಕಳಿಸಿ, ಇನ್ನು ನೀವೇ ಕಲಿಸಿ ಎಂದರು. ವರ್ಷದ ನಡುವೆ ಇನ್ಸ್‌ಪೆಕ್ಟರು ಬಂದು ಮಕ್ಕಳ ನೂಲು ನೋಡುತ್ತಾರೆ. ಒಪ್ಪಿದರೆ ಮಾಸ್ಟ್ರ ಕೆಲಸ ಉಳಿಯುತ್ತದೆ, ಇಲ್ಲವಾದರೆ ಪೂರಾ ತರಬೇತಿಯಾದ ಬೇರೊಬ್ಬರು ಬರುತ್ತಾರೆ. ಇದು ಇಡೀ ತರಗತಿಗೆ ಗೊತ್ತಿತ್ತು.

ನಮ್ಮ ಊರಿನ ಮಳೆಗಾಲದಲ್ಲಿ ಹತ್ತಿಯ ಹಂಜಿ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಎಳೆದಲ್ಲೆಲ್ಲ ತುಂಡು. ನಮಗಿಂತ ಮಾಸ್ಟ್ರ ನೂಲೇ ಹೆಚ್ಚು ತುಂಡಾಗುತ್ತಿತ್ತು. ಹೇಗೋ ಗಂಟು ಹಾಕಿ ಹಾಕಿ, ಇನ್ಸ್‌ಪೆಕ್ಟರು ಬರುವ ಹೊತ್ತಿಗೆ ತರಗತಿಯ ನೂಲನ್ನೆಲ್ಲ ಲಡಿಗಳಾಗಿ ಸುತ್ತಿಟ್ಟೆವು. ಮಾಸ್ಟ್ರು ಒಂದು ಲಡಿಯನ್ನು ಮೆಲ್ಲಗೆ ಎಳೆದು ನೋಡಿದರು. ಎಳೆ ಕಡಿಯಿತು.

"ಎಂತ ಮಾಡುದಾ ಗೋವಿಂದ, ಅವ್ರ್ ಎಳ್ದ್ ಕಂಡ್ರೆ?" ಎಂದು ನನ್ನನ್ನು ಕೇಳಿದರು.

"ನಂಗ್ ಕೊಡಿ ಮಾಸ್ಟ್ರೇ. ಗಟ್ಟಿ ಮಾಡ್ಸ್ಕಂಡ್ ನಾಡಿದ್ದ್ ತಕಂಡ್ ಬತ್ತೆ."

"ಹೇಂಗ್ ಮಾಡ್ತೆ?"

"ಅದೆಲ್ಲ ನಿಮ್ಗ್ ಎಂತಕೆ?"

ಅವರು ಕೊಟ್ಟುಬಿಟ್ಟರು.

ಮಳೆ ಬಿಟ್ಟು, ಬಲೆ ಕಡಲಿಗಿಳಿಸುವ ಮುನ್ನ ನಮ್ಮಲ್ಲಿ ಮರದ ತೊಗಟೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಆ ಕೆಂಪು ನೀರಿನಲ್ಲಿ ಬಲೆ ಅದ್ದುತ್ತಿದ್ದರು. ಉಪ್ಪುನೀರಿಗೂ ಜಗ್ಗದ ನೂಲು ಬೇಕೆಂದರೆ ಬೇರೆ ದಾರಿಯೇ ಇರಲಿಲ್ಲ. ಅಜ್ಜಿಯ ಹಂಡೆ ಕುದಿಯುತ್ತಿತ್ತು.

"ಇದ್ಯಾರ್ ನೂತದ್, ಇಲಿ ಕಚ್ಚಿದಾಂಗಿತ್ತ್?" ಎಂದಳು ಅಜ್ಜಿ. ಎರಡು ಸಲ ಅದ್ದಿ ಒಣಗಿಸಿದಳು. "ಇನ್ ತಿಮಿಂಗಿಲ ಎಳ್ದ್ರೂ ತುಂಡಾತಿಲ್ಲೆ, ಕೊಡ್ ನಿನ್ ಮಾಸ್ಟ್ರಿಗೆ."

ಇನ್ಸ್‌ಪೆಕ್ಟರು ಬರುವ ಬೆಳಿಗ್ಗೆ ಹೆಮ್ಮೆಯಿಂದ ಕಟ್ಟು ಬಿಚ್ಚಿದೆ. ತರಗತಿಯೆಲ್ಲ ಬಲೆಯ ವಾಸನೆ. ಮಾಸ್ಟ್ರು ಮೂಗು ಮುಚ್ಚಿಕೊಳ್ಳಲಿಲ್ಲ. ಇಟ್ಟಿಗೆಯ ಬಣ್ಣದ ಆ ಲಡಿಗಳನ್ನು ನೋಡುತ್ತಾ ಕುರ್ಚಿಯ ಮೇಲೆ ಕುಳಿತುಬಿಟ್ಟರು. "ಬಿಳಿ ಇರ್ಕಿತ್ತ್ ಮಾಣಿ" ಎಂದಷ್ಟೇ ಹೇಳಿದರು.

ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಲಡಿ ಎತ್ತಿ, ಮೂಸಿ, "ಇದೇನು ಮೇಷ್ಟ್ರೇ?" ಎಂದರು.

"ತಪ್ಪು ನನ್ನದು" ಎಂದರು ಮಾಸ್ಟ್ರು.

ನಾನು ಎದ್ದು ನಿಂತೆ. "ನಾನ್ ಮಾಡಿದ್ ಸರ್. ಎಳ್ದ್ ಕಾಣಿ, ಗಟ್ಟಿ ಇತ್ತಾ ಇಲ್ಯಾ ಹೇಳಿ."

ಅವರು ಎಳೆದರು. ಕಡಿಯಲಿಲ್ಲ. "ಗಟ್ಟಿಯೇನೋ ಇದೆಯಪ್ಪ. ಆದರೆ ಎಳೆಯ ನಯ, ಬಿಳುಪು, ಇಷ್ಟೇ ನನ್ನ ಹಾಳೆಯಲ್ಲಿರುವುದು. ಗಟ್ಟಿ ಎಂದು ಬರೆಯಲು ಜಾಗವಿಲ್ಲ."

"ಹಾಂಗಾರೆ ನಾಲ್ಕ್ ದಿನ ಕೊಡಿ, ಹೊಸ್ತ್ ನೂತ್ ಕೊಡ್ತೊ."

"ನಾಳೆ ನಾನು ಬೈಂದೂರಿನಲ್ಲಿರಬೇಕು."

"ಎರಡೇ ದಿನ. ನಾವೇ ಬೈಂದೂರಿಗೆ ತಕಂಡ್ ಬತ್ತೊ."

ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ನನ್ನ ಕೈಯಲ್ಲಿಲ್ಲ ಮಗು" ಎಂದು ಬರೆಯತೊಡಗಿದರು.

ದೀಪಾವಳಿಗೆ ಮೊದಲೇ ಮಾಸ್ಟ್ರು ಕುಂದಾಪುರದ ಕೋಣೆ ಖಾಲಿ ಮಾಡಿದರು. ಅವರ ಟ್ರಂಕನ್ನು ಬಸ್ಸಿನವರೆಗೆ ನಾನೇ ಹೊತ್ತೆ.

"ಹೆಡ್‌ಮಾಸ್ಟ್ರ ಹತ್ರ ಇನ್ನೊಂದ್ಸಲ ಮಾತಾಡ್ತೆ" ಎಂದೆ.

"ಅವ್ರಿಗೆ ಮೇಲಿಂದ ಬತ್ತ್, ಮೇಲಿನವ್ರಿಗೆ ಇನ್ನೂ ಮೇಲಿಂದ. ನೀ ಎಷ್ಟ್ ಮೆಟ್ಲ್ ಹತ್ತುವೆ ಮಾಣಿ?" ಎಂದು ನನ್ನ ತಲೆ ಸವರಿ ಬಸ್ಸು ಹತ್ತಿದರು.

ಹೊಸಬರು ಬಂದರು. ನೂಲು ಬಿಳಿಯಾಗಿಯೇ ಇತ್ತು, ತುಂಡಾಗುತ್ತಲೂ ಇತ್ತು. ಇನ್ನೆರಡು ವರ್ಷಕ್ಕೆ ಪಾಠಪಟ್ಟಿ ಮತ್ತೆ ಬದಲಾಗಿ ತಕಲಿಗಳೆಲ್ಲ ಅಟ್ಟ ಸೇರಿದವು. ಚಿತ್ರದ ಪೀರಿಯಡ್ ಮಾತ್ರ ತಿರುಗಿ ಬರಲಿಲ್ಲ.

ಮುಂದೆ ನಾನು ಮೀನಿನ ವ್ಯಾಪಾರದಲ್ಲಿ ನನ್ನ ಕಾಲ ಮೇಲೆ ನಿಂತೆ. ಕಿರಿಯರಿಗೆ ಒಂದು ಬುದ್ಧಿಮಾತು ಹೇಳುತ್ತೇನೆ: ಚೌಕಾಸಿಗೆ ಇಳಿಯುವ ಮೊದಲು ಎದುರಿನವನಿಗೆ 'ಆಗಲಿ' ಎನ್ನುವ ಅಧಿಕಾರ ಇದೆಯೇ ಎಂದು ತಿಳಿದುಕೊಳ್ಳಿ. ಇಲ್ಲದವನೊಡನೆ ಎಷ್ಟು ಚೆನ್ನಾಗಿ ಮಾತಾಡಿದರೂ ದಂಡ.

ಅದೇ ಶಾಲೆಯ ಸಮಿತಿಗೆ ನನ್ನನ್ನು ಕರೆದು ಕೂರಿಸಿದ ವರ್ಷ, ಮಾಸ್ಟ್ರನ್ನು ಹುಡುಕಿಕೊಂಡು ಸಾಲಿಗ್ರಾಮಕ್ಕೆ ಹೋದೆ. ಒಂದು ಮಾತು ಹೇಳಿದರೆ ಒಬ್ಬರಿಗೆ ಕೆಲಸ ಕೊಡಿಸುವಷ್ಟು ದೊಡ್ಡವನಾಗಿದ್ದೆ. ಅವರ ಮಗಳು ಜಗಲಿಯಲ್ಲಿ ಮಣೆ ಹಾಕಿ, ಬೆಲ್ಲ ನೀರು ಕೊಟ್ಟು, "ಅಪ್ಪಯ್ಯ ಹೋಯಿ ಒಂಬತ್ತ್ ವರ್ಷ ಆಯ್ತ್. ನೀವ್ ಯಾರಾಯ್ತ್?" ಎಂದರು.

ನಾನು ಅವರ ಹತ್ತಿರ ಕಲಿತವನು ಎಂದೆ. ಉಳಿದದ್ದು ಹೇಳಲಾಗಲಿಲ್ಲ.