ಆರು ಖೋಲಿಯ ಹೊಂಡ

ನಮ್ಮ ಅವ್ವನಿಗೆ ಅಡಿ, ಮೀಟರು ಯಾವುದೂ ತಲೆಗೆ ಹತ್ತುತ್ತಿರಲಿಲ್ಲ. ಊರ ಹೊಲದಲ್ಲಿರುವ ಕೃಷಿ ಹೊಂಡವನ್ನು ಎಷ್ಟು ದೊಡ್ಡದು ಮಾಡೋಣ ಎಂದು ತಮ್ಮ ಕೇಳಿದಾಗ, ಮುಂಬಯಿಯ ಆಂಟಾಪ್ ಹಿಲ್ಲಿನ ನನ್ನ ಖೋಲಿಯ ನಾಲ್ಕೂ ಗೋಡೆಗಳನ್ನು ಮಲಗಿದಲ್ಲಿಂದಲೇ ನೋಡಿ, "ಈಗ ಇಂಥಾವು ಎರಡು ಖೋಲಿಯಷ್ಟ ಐತಿ. ಆರು ಮಾಡು" ಅಂದಳು. ಅವತ್ತಿನಿಂದ ನಮ್ಮ ಲೆಕ್ಕವೆಲ್ಲ ಖೋಲಿಯಲ್ಲೇ ನಡೆಯಿತು.

ಅವಳು ಮುಂಬಯಿಗೆ ಬಂದದ್ದು ಹೊಂಡದ ಲೆಕ್ಕ ಹಾಕಲಿಕ್ಕಲ್ಲ, ಪರೇಲಿನ ದೊಡ್ಡ ಆಸ್ಪತ್ರೆಗೆ ತೋರಿಸಲಿಕ್ಕೆ. ಹೊಟ್ಟೆಯಲ್ಲಿ ಗಂಟಾಗಿತ್ತು. ತಮ್ಮ ಅದೇ ಪರೇಲಿನಲ್ಲಿ, ಹಳೆಯ ಮಿಲ್ಲು ಕೆಡವಿದ ಜಾಗದಲ್ಲಿ, ಟವರಿಗೆ ಪಾಯ ತೋಡುವ ಮಷೀನು ನಡೆಸುತ್ತಿದ್ದ. ಒಂದು ದಿನ ಆಸ್ಪತ್ರೆಯಿಂದ ಬರುವಾಗ ಮಗನ ಕೆಲಸ ನೋಡಲಿ ಎಂದು ಅಲ್ಲಿಗೆ ಕರೆದುಕೊಂಡು ಹೋದೆ. ಪಾಯದಲ್ಲಿ ಬುಗ್ಗೆಯೆದ್ದ ನೀರನ್ನು ಪಂಪು ಹಚ್ಚಿ ಗಟಾರಕ್ಕೆ ಬಿಡುತ್ತಿದ್ದರು. ಅವ್ವ ತಗಡಿನ ಬೇಲಿ ಹಿಡಿದು ನಿಂತವಳು, ಇವರ ಬಾಯಾಗ ಮಣ್ಣ ಬೀಳಲಿ, ಬಂದ ಗಂಗವ್ವನ್ನ ಗಟಾರಕ್ಕ ಹಾಕ್ತಾರಲ್ಲ ಎಂದು ಶುರುಮಾಡಿ ಉಸಿರು ಹತ್ತುವವರೆಗೆ ಬೈದಳು. ಈ ತಾಯಿ ಏನಾದರೂ ಕಳೆದುಕೊಂಡಿದ್ದಾರಾ ಎಂದು ವಾಚ್‌ಮನ್ ನನ್ನನ್ನು ಹಿಂದಿಯಲ್ಲಿ ಕೇಳಿದ. ಹೊಂಡ ದೊಡ್ಡದು ಮಾಡುವ ಮಾತು ಹುಟ್ಟಿದ್ದು ಆ ಸಂಜೆಯೇ.

ಅಪ್ಪ ಸತ್ತ ಮೇಲೆ ಅವಳೇ ಓಡಾಡಿ ತೋಡಿಸಿದ ಹೊಂಡ ಅದು. ಮಳೆಗಾಲದಲ್ಲಿ ತುಂಬುತ್ತಿತ್ತು, ಬಿಳಿಜೋಳ ತೆನೆ ಬಿಡುವ ಹೊತ್ತಿಗೆ ತಳ ಕಾಣುತ್ತಿತ್ತು. ಇನ್ನೊಂದೇ ನೀರು ಸಿಕ್ಕಿದ್ದರೆ ಅನ್ನುವುದು ಪ್ರತಿ ವರ್ಷದ ಹಾಡಾಗಿತ್ತು.

ತಮ್ಮ ಕೆಲಸ ಮುಗಿಸಿ ಬಂದು ಊಟಕ್ಕೆ ಕೂತನೆಂದರೆ ಲೆಕ್ಕ ಶುರು. ಮಷೀನಿನ ಬಾಡಿಗೆ ತಾಸಿನ ಮೇಲೆ. ನಾನು ನಮ್ಮ ಕಡೆಯ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಮಾರುವವಳು. ಒಂದು ತಾಸಿನ ಬಾಡಿಗೆಗೆ ನಾನು ಎಷ್ಟು ರೊಟ್ಟಿ ಬಡಿಯಬೇಕು ಎಂದು ಅವ್ವ ಕೇಳಿದಳು. ಹೇಳಿದೆ. ಆ ಹಾಳಾದ ಮಷೀನು ಅಷ್ಟು ತಿನ್ನುತ್ತದೆಯೇ ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ತೋಡುವುದಕ್ಕಿಂತ ಮಣ್ಣು ಸಾಗಿಸುವುದೇ ಖರ್ಚು ಎಂದ ತಮ್ಮ. ಮುಂಬಯಿಯಲ್ಲಿ ಡಂಪರುಗಳು ಅದನ್ನು ಊರಾಚೆ ಒಯ್ದು ಸುರಿಯುತ್ತವಲ್ಲ, ಅದೇ ಅವನ ತಲೆಯಲ್ಲಿತ್ತು. ಯಾಕೆ ಸಾಗಿಸಬೇಕು, ಅರ್ಧ ಒಡ್ಡಿಗೆ ಹಾಕು, ಇನ್ನರ್ಧ ಮೇಲಿನ ಹೊಲದಲ್ಲಿ ಹರವು ಎಂದಳು ಅವ್ವ. ಆ ಖರ್ಚು ಹೋಯಿತು. ನಮ್ಮದು ಎರೆ ಮಣ್ಣು, ನೀರು ತಾನೇ ಹಿಡಿಯುತ್ತದೆ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಬೇಡ ಎಂದಳು. ಅದೂ ಹೋಯಿತು. ಸುತ್ತ ತಂತಿ ಬೇಲಿಯನ್ನು ಮಾತ್ರ ಬಿಡಲೊಲ್ಲಳು. ಮಂದಿಯ ಮಕ್ಕಳು ಬಿದ್ದರೆ ಯಾರು ಹೊಣೆ ಎನ್ನುವಳು.

ಒಮ್ಮೆ ಆಸ್ಪತ್ರೆಯ ಖರ್ಚಿನ ಮಾತು ಬಂತು. "ನನ್ನ ಮೈಯಾಗ ಸುರಿಯೋ ರೊಕ್ಕ ಹೊಂಡದಾಗ ಹಾಕ್ರಿ. ಅದಾದ್ರೂ ನೀರು ಹಿಡಿತೈತಿ" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಸುಮ್ಮನೆ ಬಿದ್ದುಕೊ ಎಂದು ಗದರಿದೆ. ಅವಳು ನಕ್ಕಳು. ಆಮೇಲೆ, ನಗುನಗುತ್ತಲೇ, ನನ್ನನ್ನು ಹೊಂಡದ ಮೂಡಣ ದಂಡೆಗೆ ಇಡಿ, ನೀರು ಕಾಣುವಂಗಿರಲಿ ಎಂದಳು. ನಮ್ಮಲ್ಲಿ ಸುಡುವುದಿಲ್ಲ. ಹೊಲ ಇದ್ದವರನ್ನು ಅವರ ಹೊಲದಲ್ಲೇ ಹೂಳುತ್ತಾರೆ.

ಇನ್ನೊಂದು ಸಂಗತಿ ಇದೆ. ಅದು ನನಗೂ ಅವ್ವನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ದಾದರ್ ಸ್ಟೇಷನ್ನಿನ ಹೊರಗೆ ಬಳೆಯ ಅಂಗಡಿಯ ಮುಂದೆ ಅವಳ ಕಾಲು ನಿಂತಿತು. ಹಸಿರು ಗಾಜಿನ ಮೇಲೆ ಬಂಗಾರದ ಚುಕ್ಕಿ. ಅಪ್ಪ ಸತ್ತ ದಿನ ಅವಳ ಬಳೆ ಒಡೆದಿದ್ದರು, ಆಗ ಅವಳಿನ್ನೂ ಎಳೆಯ ಹೆಂಗಸು. ಅಲ್ಲಿಂದೀಚೆ ಕೈ ಬರಿದು. "ಇಲ್ಲಿ ನನ್ನ ಗುರುತ ಯಾರಿಗೈತಿ?" ಎಂದು ನನ್ನ ಮುಖ ನೋಡದೇ ಕೇಳಿದಳು. ಕೊಡಿಸಿದೆ. ಮರಾಠಿ ಬಳೆಗಾರ್ತಿಯ ಹತ್ತಿರ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದಳು.

ಮನೆಯಲ್ಲಿ ನಾವಿಬ್ಬರೇ ಇದ್ದಾಗ ತೊಡುವಳು. ಕೈ ಆಡಿಸಿ ಸಪ್ಪಳ ಕೇಳುವಳು. ಗಲ್ಲಿಯಲ್ಲಿ ತಮ್ಮನ ಕೆಮ್ಮು ಕೇಳಿದ್ದೇ ತಡ, ಸರಸರ ತೆಗೆದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದುಬಿಡುವಳು. "ಮಗನ ಮುಂದ ಬ್ಯಾಡವಾ" ಅನ್ನುವಳು. ಮರುದಿನ ಹಿಟ್ಟು ಝಾಡಿಸಿ ಮತ್ತೆ ತೊಡುವಳು.

ಹೋಳಿ ಕಳೆದ ಮೇಲೆ ಅವಳು ನನ್ನ ಖೋಲಿಯಲ್ಲೇ ಹೋದಳು. ನಾನೇ ಜಳಕ ಮಾಡಿಸಿದೆ. ಬಳೆ ತೊಡಿಸಿ, ಸೀರೆಯ ಸೆರಗನ್ನು ಮುಂಗೈವರೆಗೆ ಸುತ್ತಿ ಬಿಗಿದೆ. ಊರಿಗೆ ಒಯ್ದಾಗ ಅಲ್ಲಿಯ ಹೆಂಗಸರು ಇನ್ನೊಮ್ಮೆ ಮೈ ತೊಳೆಯಲು ಬಂದರು. ಜಗಳ ತೆಗೆದು ಯಾರನ್ನೂ ಮುಟ್ಟಗೊಡಲಿಲ್ಲ. ಮುಂಬಯಿ ಸೇರಿ ಇವಳ ತಲೆ ಕೆಟ್ಟಿದೆ ಎಂದರು. ಅನ್ನಲಿ ಬಿಡು ಅಂದುಕೊಂಡೆ. ಹೇಳಿದಂತೆ ಮೂಡಣ ದಂಡೆಗೇ ಇಟ್ಟು, ತಲೆಯ ಬಳಿ ಒಂದು ಕಲ್ಲು ನೆಟ್ಟು ಬಂದೆವು.

ಆಮೇಲೆ ಕೆಲವು ವರ್ಷ ಹೊಂಡದ ಮಾತು ಯಾರೂ ಎತ್ತಲಿಲ್ಲ. ಹೊಲ ಪಾಲಿಗೆ ಕೊಟ್ಟಿದ್ದೆವು. ಹೋದ ಬೇಸಿಗೆಯಲ್ಲಿ ತಮ್ಮ ರಜೆ ತೆಗೆದುಕೊಂಡ, ಗೆಳೆಯನ ಮಷೀನು ಕಡಿಮೆ ಬಾಡಿಗೆಗೆ ಸಿಗುತ್ತದೆ ಎಂದ. ನನ್ನ ಖೋಲಿಯ ನೆಲದ ಮೇಲೆ ರೊಟ್ಟಿ ಹಿಟ್ಟು ಉದುರಿಸಿ ಬೆರಳಲ್ಲಿ ಹೊಂಡ ಬರೆದ. ಉತ್ತರಕ್ಕೆ ಕಲ್ಲುಬಂಡೆ, ದಕ್ಷಿಣಕ್ಕೆ ಮಂದಿಯ ಹೊಲ, ಪಡುವಣದಿಂದ ನೀರು ಬರುವ ದಾರಿ. ಆರು ಖೋಲಿ ಆಗಬೇಕೆಂದರೆ ಮೂಡಣಕ್ಕೇ ಹೋಗಬೇಕು. ಮೂಡಣಕ್ಕೆ ಅವ್ವ ಇದ್ದಾಳೆ. ಸತ್ತವಳನ್ನು ಎಬ್ಬಿಸುತ್ತೀಯೇನೋ ಭಾಡ್ಯಾ ಎಂದು ನಾನು ಬಾಯಿ ತೆಗೆದೆ. ಪಕ್ಕದ ಖೋಲಿಯವರು ಇಣುಕಿ ನೋಡಿದರು. ಅವನು ಕೂಗಾಡಲಿಲ್ಲ.

"ದೊಡ್ಡದು ಮಾಡು ಅಂದಾಕಿನೂ ಆಕೀನ, ಅಲ್ಲೇ ಇಡು ಅಂದಾಕಿನೂ ಆಕೀನ. ಯಾವ ಮಾತು ಕೇಳೂನು ಹೇಳಕ್ಕಾ."

ನನಗೆ ಅಳು ಬಂತು. ಕಡೆಗೆ ಇಬ್ಬರೂ ಸೇರಿ ಒಂದು ದಾರಿ ಹುಡುಕಿದೆವು. ಕಲ್ಲಿನ ಸುತ್ತ ಒಂದು ಖೋಲಿಯಷ್ಟು ನೆಲ ಹಾಗೇ ಬಿಡುವುದು, ಮೂರು ಕಡೆಯಿಂದ ನೀರು ಬರಲಿ. ಹೊಂಡ ಐದು ಖೋಲಿ, ಅವ್ವಂದು ಒಂದು. ಆರಾಯಿತಲ್ಲ ಎಂದು ಅವನು ನಗಿಸಲು ನೋಡಿದ. ಬೇಲಿ ಅಷ್ಟು ಉದ್ದ ಬೇಕಾಗುತ್ತದೆ, ಆ ಖರ್ಚು ನನ್ನದು ಎಂದೆ.

ಅವನು ಊರಿಗೆ ಹೋದ ನಾಲ್ಕಾರು ದಿನಕ್ಕೆ, ನಾನು ಮಧ್ಯಾಹ್ನದ ರೊಟ್ಟಿ ಬಡಿಯುತ್ತಿರುವಾಗ ಫೋನು ಬಂತು. ಹಿಂದೆ ಮಷೀನಿನ ಗದ್ದಲ. ಕೆಲಸ ಚೆನ್ನಾಗಿ ನಡೆದಿದೆ, ಅವ್ವನ ಕಲ್ಲಿನಿಂದ ದೂರದಲ್ಲೇ ತೋಡುತ್ತಿದ್ದೇವೆ ಎಂದ. ಆಮೇಲೆ ದನಿ ಇಳಿಸಿದ.

"ಇಲ್ಲಿ ಯಾರದೋ ಹಳೀ ಹೆಣದ ಕುಣಿ ಹತ್ತೇತಿ ಅಕ್ಕಾ. ಅಂಜಬ್ಯಾಡ, ಅವ್ವಂದಲ್ಲ. ಯಾರೋ ಮುತ್ತೈದಿ. ಕೈಯಾಗ ಬಳಿ ಅದಾವ."

ಕೈಯಲ್ಲಿದ್ದ ಹಿಟ್ಟು ಹಾಗೇ ಹಿಡಿದುಕೊಂಡು ಯಾವ ಬಣ್ಣ ಎಂದು ಕೇಳಿದೆ. ಹಸಿರು ಎಂದ, ಮೇಲೆ ಚುಕ್ಕಿ ಇವೆ ಎಂದ. ಎರಡು ಮೂರು ಬಕೆಟ್ ಮಣ್ಣು ಆಗಲೇ ಒಡ್ಡಿಗೆ ಬಿದ್ದಿದೆ, ಕಾಯಿ ಒಡೆದು ಮುಂದೆ ಸಾಗುತ್ತೇವೆ, ಮಷೀನಿನ ತಾಸು ಓಡುತ್ತಿದೆ ಎಂದ.

"ಮಷೀನ ನಿಂದ್ರಸೋ ತಮ್ಮಾ" ಅಂದೆ. "ಆ ಬಳಿ ಅವ್ವನ್ವು."

ಅವ್ವ ಎಲ್ಲಿಯ ಬಳೆ ತೊಡುತ್ತಿದ್ದಳು ಎಂದ, ನಂಬಲೇ ಇಲ್ಲ. ದಾದರಿನ ಅಂಗಡಿ, ಹಿಟ್ಟಿನ ಡಬ್ಬಿ, ಸೆರಗು ಸುತ್ತಿದ್ದು, ಎಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಆ ಕಡೆ ಮಷೀನು ನಿಂತಿತ್ತು. ಅವನು ಫೋನು ಇಟ್ಟ. ಕಲ್ಲು ಉಳುಮೆಗೆ ಅಡ್ಡ ಬರುತ್ತದೆಂದು ಟ್ರ್ಯಾಕ್ಟರಿನವನು ಎಂದೋ ಪಕ್ಕಕ್ಕೆ ಸರಿಸಿ ನೆಟ್ಟಿದ್ದನಂತೆ. ನಾವು ಅಷ್ಟು ಜೋಪಾನವಾಗಿ ಬಿಟ್ಟ ಖೋಲಿಯಲ್ಲಿ ಬರೀ ಮಣ್ಣಿತ್ತು.

ಸಿಕ್ಕಷ್ಟನ್ನು ಅವನೇ ಕೈಯಿಂದ ಆರಿಸಿ, ಬಳೆಗಳ ಜೊತೆ ಆ ಕಲ್ಲಿನ ಕೆಳಗೆ ಇಟ್ಟ. ಉಳಿದ ಅವ್ವ ಒಡ್ಡಿನ ಮಣ್ಣಿನಲ್ಲಿ ಸೇರಿಹೋದಳು. ಹೊಂಡ ಆಯಿತು, ಬೇಲಿಯೂ ಆಯಿತು. ಈ ಸಲದ ಮಳೆಗೆ ದಂಡೆ ಮುಟ್ಟ ತುಂಬಿದೆಯಂತೆ.

ಅವನು ತಿರುಗಿ ಬಂದ ದಿನ ನನ್ನ ಖೋಲಿಯಲ್ಲಿ ತಾಟಿನ ಮುಂದೆ ಕೂತ. ರೊಟ್ಟಿ ಮುರಿಯಲಿಲ್ಲ. ಒಲೆಯ ಪಕ್ಕದ ಹಿಟ್ಟಿನ ಡಬ್ಬಿಯನ್ನೇ ನೋಡುತ್ತಿದ್ದ.

"ನನ್ನ ಮುಂದ ಯಾಕ ಮುಚ್ಚಿದ್ಳು ಅಕ್ಕಾ? ನಾ ಬ್ಯಾಡ ಅಂತಿದ್ನೇನು?"

ನನ್ನ ಬಾಯಿ ಇಡೀ ಗಲ್ಲಿಗೆ ಗೊತ್ತು. ಅವತ್ತು ಅವನ ತಾಟಿನಲ್ಲಿದ್ದ ರೊಟ್ಟಿಯನ್ನು ನಾನೇ ಮುರಿದು ಕೊಟ್ಟೆ.